ಕವಚವಿಲ್ಲದ ಕವಚದಳ: ಮೂರನೆಯ ಭಾರತೀಯ ಮೋಟಾರ್ ಬ್ರಿಗೇಡಿನ ಇತಿಹಾಸ

೧

ಯುದ್ಧಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗೆಲವಿನ ಜಾಡನ್ನೇ ಹಿಡಿದು ನಡೆಯುತ್ತಾರೆ. ಗೆದ್ದ ಸೇನಾಪತಿಯ ಹೆಸರು, ಗೆದ್ದುಕೊಂಡ ಊರಿನ ಹೆಸರು, ಗೆಲವಿನ ದಿನಾಂಕ, ಇವು ಪಾಠಪುಸ್ತಕಗಳಲ್ಲಿ ನೆಲೆಯೂರುತ್ತವೆ. ಸೋತ ದಳಗಳ ಪಾಲಿಗೆ ಉಳಿಯುವುದು ದೊಡ್ಡ ಗ್ರಂಥಗಳ ನಡುವಣ ಒಂದೆರಡು ವಾಕ್ಯಗಳು ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಕಾದಾಡಿದ ಮೂರನೆಯ ಭಾರತೀಯ ಮೋಟಾರ್ ಬ್ರಿಗೇಡು ಅಂತಹ ದಳಗಳಲ್ಲೊಂದು.

ಈ ಹೆಸರಿನಲ್ಲಿ ಅದು ಬಾಳಿದ್ದು ಮೂರು ವರ್ಷಗಳಿಗೂ ಕಡಮೆ ಕಾಲ. ಅಷ್ಟರಲ್ಲಿ ಅದು ಎರಡು ದೊಡ್ಡ ಕಾದಾಟಗಳನ್ನು ಕಂಡಿತು: ೧೯೪೧ರ ಏಪ್ರಿಲ್‌ನಲ್ಲಿ ಲಿಬಿಯದ ಮೆಕಿಲಿಯೆಂಬ ಹಳೆಯ ಕೋಟೆಯ ಬಳಿ ಒಂದು; ೧೯೪೨ರ ಮೇ ತಿಂಗಳಿನಲ್ಲಿ, ಭೂಪಟದಲ್ಲಿ ‘ಪಾಯಿಂಟ್ ೧೭೧’ ಎಂಬ ಅಂಕೆಯ ಹೊರತು ಬೇರೆ ಹೆಸರಿಲ್ಲದ ಬಯಲಿನಲ್ಲಿ ಇನ್ನೊಂದು. ಎರಡರಲ್ಲಿಯೂ ಅದು ಸೋತಿತು. ಎರಡು ಸಲವೂ ಅದರ ದೊಡ್ಡದೊಂದು ಪಾಲು ಸೆರೆ ಸಿಕ್ಕಿತು. ಇಷ್ಟನ್ನು ಮಾತ್ರ ಬರೆದು ಪುಟ ತಿರುಗಿಸಿದರೆ ಲೆಕ್ಕ ಮುಗಿದಂತೆ ಕಾಣುತ್ತದೆ. ಆದರೆ ಖರ್ಚಿನ ಕಲಮನ್ನು ಮಾತ್ರ ನೋಡಿ ಖಾತೆಯನ್ನು ಮುಚ್ಚುವುದು ಸರಿಯಾದ ಕ್ರಮವಲ್ಲ. ಆ ದಳಕ್ಕೆ ಏನನ್ನು ಕೊಟ್ಟು ರಣಕ್ಕೆ ಕಳುಹಿಸಲಾಗಿತ್ತು, ಅದರಿಂದ ಏನನ್ನು ನಿರೀಕ್ಷಿಸಲಾಗಿತ್ತು, ಅದು ಕೊಟ್ಟ ಬೆಲೆಗೆ ಪ್ರತಿಯಾಗಿ ದೊರೆತದ್ದು ಏನು, ಎಂಬ ಮೂರು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಸೋಲು ಯಾರದೆಂಬುದನ್ನು ನಿರ್ಧರಿಸಬೇಕಾಗುತ್ತದೆ.

ಇನ್ನೊಂದು ಕಾರಣದಿಂದಲೂ ಈ ಬ್ರಿಗೇಡಿನ ಚರಿತ್ರೆ ಗಮನಾರ್ಹವಾಗಿದೆ. ೧೯೩೯ರ ಸೆಪ್ಟೆಂಬರ್ ೩ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಭಾರತೀಯರ ಪ್ರತಿನಿಧಿಗಳನ್ನು ಒಂದು ಮಾತೂ ಕೇಳದೆ ದೇಶವನ್ನು ಯುದ್ಧಕ್ಕೆ ಸೇರಿಸಿದರು. ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ಅದನ್ನು ಪ್ರತಿಭಟಿಸಿ ರಾಜೀನಾಮೆ ಇತ್ತವು. ಹೀಗೆ ನಾಡಿನ ಒಪ್ಪಿಗೆಯಿಲ್ಲದೆ ನಡೆದ ಯುದ್ಧದಲ್ಲಿ ಮಡಿದ ಸಿಪಾಯಿಯನ್ನು ಸ್ವಾತಂತ್ರ್ಯ ಸಂಗ್ರಾಮದ ಇತಿಹಾಸ ತನ್ನವನೆಂದು ಎಣಿಸಲಿಲ್ಲ. ಸಾಮ್ರಾಜ್ಯದ ಇತಿಹಾಸವಾದರೋ ಅವನನ್ನು ಅಂಕೆಸಂಖ್ಯೆಗಳಲ್ಲಿ ಸೇರಿಸಿ ಮರೆತಿತು. ಈ ಎರಡು ಇತಿಹಾಸಗಳ ನಡುವಣ ಸಂದಿಯಲ್ಲಿ ಬಿದ್ದುಹೋದವರ ಕಥೆ ಇದು.

೨

ಭಾರತದ ಅಶ್ವದಳಗಳು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸೈನ್ಯದ ಹೆಮ್ಮೆಯಾಗಿದ್ದವು. ಮೊದಲನೆಯ ಮಹಾಯುದ್ಧದ ತರುವಾಯ, ೧೯೨೧-೨೨ರ ಪುನರ್ವ್ಯವಸ್ಥೆಯಲ್ಲಿ, ಮೂವತ್ತೊಂಬತ್ತು ಅಶ್ವರೆಜಿಮೆಂಟುಗಳನ್ನು ಕೂಡಿಸಿ ಇಪ್ಪತ್ತೊಂದಕ್ಕೆ ಇಳಿಸಲಾಯಿತು. ಹೀಗೆ ರೂಪುಗೊಂಡವುಗಳಲ್ಲಿ ಮೂರು ಮುಂದೆ ನಮ್ಮ ಬ್ರಿಗೇಡಿನ ಅಂಗಗಳಾದವು. ಮೊದಲನೆಯದು, ೧೮೦೯ರಲ್ಲಿ ಗಾರ್ಡನರ್ ಎಂಬಾತ ಕಟ್ಟಿದ ಸವಾರರ ದಳದಿಂದ ಬೆಳೆದುಬಂದ ಎರಡನೆಯ ಲ್ಯಾನ್ಸರ್ಸ್. ಎರಡನೆಯದು, ೧೮೪೯ರಲ್ಲಿ ಪಂಜಾಬಿನ ಗಡಿಕಾವಲಿಗೆಂದು ಹುಟ್ಟಿದ ದಳಗಳಿಂದ ಕೂಡಿದ ಹನ್ನೊಂದನೆಯ ಕ್ಯಾವಲ್ರಿ. ಮೂರನೆಯದು, ಏಳನೆಯ ಎಡ್ವರ್ಡ್ ದೊರೆಯ ಹೆಸರನ್ನು ಹೊತ್ತ ಹದಿನೆಂಟನೆಯ ಕ್ಯಾವಲ್ರಿ. ರಜಪೂತರು, ಜಾಟರು, ಪಂಜಾಬಿನ ಮುಸಲ್ಮಾನರು, ಸಿಖ್ಖರು ಬೇರೆಬೇರೆ ಸ್ಕ್ವಾಡ್ರನ್ನುಗಳಾಗಿ, ಆದರೆ ಒಂದೇ ಬಾವುಟದ ಕೆಳಗೆ, ಈ ರೆಜಿಮೆಂಟುಗಳಲ್ಲಿ ಸೇವೆ ಸಲ್ಲಿಸುತ್ತಿದ್ದರು. ತಂದೆಯ ಸ್ಥಾನಕ್ಕೆ ಮಗ ಬರುವುದು ಅಲ್ಲಿ ವಾಡಿಕೆಯಾಗಿತ್ತು.

ಯುರೋಪಿನ ಸೈನ್ಯಗಳು ಟ್ಯಾಂಕುಗಳ ಯುಗಕ್ಕೆ ಕಾಲಿಟ್ಟ ಬಳಿಕವೂ ಭಾರತದ ಅಶ್ವದಳಗಳು ಬಹುಕಾಲ ಕುದುರೆಗಳನ್ನೇ ನೆಚ್ಚಿಕೊಂಡಿದ್ದವು. ವಾಯವ್ಯ ಗಡಿಯಲ್ಲಿ ಶಾಂತಿ ಕಾಯುವುದೇ ಅವುಗಳ ಮುಖ್ಯ ಕೆಲಸವೆಂದು ಆಳುವವರು ಎಣಿಸಿದ್ದುದೂ, ಯಂತ್ರೀಕರಣದ ವೆಚ್ಚವನ್ನು ಭರಿಸಲು ದಿಲ್ಲಿಯಾಗಲಿ ಲಂಡನ್ನಾಗಲಿ ಮುಂದಾಗದಿದ್ದುದೂ ಇದಕ್ಕೆ ಕಾರಣ. ಸಿಂಧ್ ಹಾರ್ಸ್ ಮತ್ತು ಹದಿಮೂರನೆಯ ಲ್ಯಾನ್ಸರ್ಸ್ ಎಂಬ ಎರಡು ರೆಜಿಮೆಂಟುಗಳು ಮೊಟ್ಟಮೊದಲು ಕುದುರೆಗಳನ್ನು ಬಿಟ್ಟುಕೊಟ್ಟದ್ದು ೧೯೩೮ರಲ್ಲಿ. ಮರುವರ್ಷವೇ ಯುದ್ಧ ಬಂದಿತು. ಹತ್ತು ವರ್ಷಗಳಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ಹತ್ತು ತಿಂಗಳುಗಳಲ್ಲಿ ಮಾಡುವ ಪ್ರಸಂಗ ಒದಗಿತು.

೧೯೪೦ರಲ್ಲಿ ಮೊದಲನೆಯ ಭಾರತೀಯ ಆರ್ಮರ್ಡ್ ಡಿವಿಜನ್ ಎಂಬ ಕವಚದಳದ ರಚನೆಗೆ ಕೈಹಾಕಲಾಯಿತು. ಕಾಗದದ ಮೇಲೆ ಅದು ಟ್ಯಾಂಕುಗಳ ಡಿವಿಜನ್. ಆದರೆ ಟ್ಯಾಂಕುಗಳನ್ನು ಕಳುಹಿಸಬೇಕಾದ ಇಂಗ್ಲೆಂಡು ಅದೇ ವರ್ಷದ ಬೇಸಗೆಯಲ್ಲಿ ಡಂಕರ್ಕಿನಲ್ಲಿ ತನ್ನ ಯುದ್ಧಸಾಮಗ್ರಿಯ ಬಹುಭಾಗವನ್ನು ಕಳೆದುಕೊಂಡು ಬರಿಗೈಯಲ್ಲಿ ನಿಂತಿತ್ತು. ಭಾರತಕ್ಕೆ ಟ್ಯಾಂಕು ಬರುವುದೆಲ್ಲಿಂದ? ಆ ಡಿವಿಜನ್ನಿಗೆ ಸೇರಿದ ಮೂರನೆಯ ಮೋಟಾರ್ ಬ್ರಿಗೇಡು ೧೯೪೧ರ ಆರಂಭದಲ್ಲಿ ಕಡಲು ದಾಟಿ ಈಜಿಪ್ಟಿಗೆ ಹೊರಟಾಗ ಅದರ ಬಳಿ ಇದ್ದುದು ತೆರೆದ ಟ್ರಕ್ಕುಗಳು, ರೈಫಲುಗಳು, ಕೆಲವು ಹಗುರ ಮಷೀನ್‌ಗನ್ನುಗಳು. ಟ್ಯಾಂಕುಗಳಿರಲಿಲ್ಲ, ಕವಚಗಾಡಿಗಳಿರಲಿಲ್ಲ, ಸ್ವಂತ ಫಿರಂಗಿಗಳಿರಲಿಲ್ಲ, ಟ್ಯಾಂಕುಗಳನ್ನು ತಡೆಯುವ ಫಿರಂಗಿ ಒಂದೂ ಇರಲಿಲ್ಲ. ನಿಸ್ತಂತು ಯಂತ್ರಗಳು ನಿಗದಿಯಾದ ಸಂಖ್ಯೆಯ ಅರ್ಧದಷ್ಟು ಮಾತ್ರ ಇದ್ದವು. ಮರಳುಗಾಡಿನ ಯುದ್ಧದಲ್ಲಿ ಒಂದು ಪಡೆಯ ಕಣ್ಣೂ ಕಿವಿಯೂ ನಿಸ್ತಂತುವೇ ಆಗಿರುವುದರಿಂದ ಈ ಕೊನೆಯ ಕೊರತೆಯೂ ಸಣ್ಣದಲ್ಲ.

ಅಂದರೆ ಕುದುರೆಯಿಂದ ಇಳಿದ ಸವಾರನನ್ನು ಟ್ರಕ್ಕಿಗೆ ಹತ್ತಿಸಲಾಗಿತ್ತು, ಅಷ್ಟೇ. ಹೆಸರಿನಲ್ಲಿದ್ದ ಕವಚ ಅವನ ಮೈಮೇಲೆ ಇರಲಿಲ್ಲ.

೩

ಬ್ರಿಗೇಡು ಈಜಿಪ್ಟನ್ನು ಮುಟ್ಟುವ ವೇಳೆಗೆ ಅಲ್ಲಿಯ ರಣರಂಗ ಮೇಲ್ನೋಟಕ್ಕೆ ಪ್ರಶಾಂತವಾಗಿತ್ತು. ೧೯೪೧ರ ಫೆಬ್ರವರಿಯ ಮೊದಲ ವಾರದಲ್ಲಿ ಜನರಲ್ ಓಕಾನರ್ ಅವರ ಪಡೆ ಇಟಲಿಯ ಸೈನ್ಯವನ್ನು ಬೇಡಾ ಫೋಮಿನಲ್ಲಿ ಪೂರ್ತಿಯಾಗಿ ಮುರಿದಿತ್ತು. ಪೂರ್ವ ಲಿಬಿಯದ ಸೈರೆನೇಕ ಪ್ರಾಂತವೆಲ್ಲ ಬ್ರಿಟಿಷರ ವಶವಾಗಿತ್ತು. ಗೆಲವಿನ ಬೆನ್ನಿಗೇ ಅನುಭವಸ್ಥ ಪಡೆಗಳನ್ನು ಗ್ರೀಸ್ ದೇಶದ ರಕ್ಷಣೆಗೆಂದು ಕಳುಹಿಸಿ, ಅವುಗಳ ಜಾಗದಲ್ಲಿ ಹೊಸ ಪಡೆಗಳನ್ನೂ ಅರೆಸಜ್ಜಿತ ಪಡೆಗಳನ್ನೂ ನಿಲ್ಲಿಸಲಾಯಿತು. ಶತ್ರು ಬೇಸಗೆಯವರೆಗೆ ಚೇತರಿಸಿಕೊಳ್ಳಲಾರನೆಂಬ ನಂಬಿಕೆಯೇ ಈ ಏರ್ಪಾಟಿನ ಆಧಾರ.

ಫೆಬ್ರವರಿ ೧೨ರಂದು ಟ್ರಿಪೋಲಿಗೆ ಬಂದಿಳಿದ ಜರ್ಮನ್ ಸೇನಾನಿ ರೊಮ್ಮೆಲ್ ಈ ಲೆಕ್ಕಾಚಾರವನ್ನು ಬುಡಮೇಲು ಮಾಡಿದನು. ತನ್ನ ಮೇಲಧಿಕಾರಿಗಳ ಎಚ್ಚರಿಕೆಯನ್ನೂ ಕಿವಿಗೆ ಹಾಕಿಕೊಳ್ಳದೆ ಮಾರ್ಚ್ ೨೪ರಂದು ಎಲ್ ಅಘೇಲವನ್ನೂ, ತಿಂಗಳ ಕೊನೆಗೆ ಮರ್ಸಾ ಬ್ರೇಗವನ್ನೂ ಹಿಡಿದನು. ಏಪ್ರಿಲ್ ಮೊದಲ ವಾರದಲ್ಲಿ ಬೆಂಗಾಜಿ ಬಿದ್ದಿತು. ಬ್ರಿಟಿಷರ ಎರಡನೆಯ ಆರ್ಮರ್ಡ್ ಡಿವಿಜನ್ನಿನ ಸವೆದ ಟ್ಯಾಂಕುಗಳು ಶತ್ರುವಿನ ಹೊಡೆತಕ್ಕಿಂತ ಹೆಚ್ಚಾಗಿ ಯಂತ್ರದೋಷದಿಂದಲೂ ಪೆಟ್ರೋಲಿನ ಅಭಾವದಿಂದಲೂ ದಾರಿಯಲ್ಲಿಯೇ ನಿಂತುಹೋದವು. ಕರಾವಳಿಯ ಒಂದೇ ಒಂದು ಒಳ್ಳೆಯ ರಸ್ತೆಯ ಮೇಲೆ ಒಂಬತ್ತನೆಯ ಆಸ್ಟ್ರೇಲಿಯನ್ ಡಿವಿಜನ್ ಪೂರ್ವಕ್ಕೆ, ಟೊಬ್ರೂಕಿನ ಕಡೆಗೆ, ಹಿಮ್ಮೆಟ್ಟುತ್ತಿತ್ತು. ಆ ರಸ್ತೆಯ ದಕ್ಷಿಣಕ್ಕೆ ಹಸಿರುಬೆಟ್ಟಗಳ ಸಾಲು, ಬೆಟ್ಟಗಳಾಚೆ ಮರಳುಗಾಡು. ಮರಳುಗಾಡಿನ ಹಾದಿಗಳೆಲ್ಲ ಬಂದು ಸೇರುವ, ಬಾವಿಗಳಿದ್ದ, ಸಾಮಗ್ರಿಯನ್ನು ಕೂಡಿಟ್ಟಿದ್ದ ಒಂದು ಕೂಡುಹಾದಿಯೇ ಮೆಕಿಲಿ. ಅಡ್ಡದಾರಿಯಿಂದ ಬಂದು ಕರಾವಳಿಯ ರಸ್ತೆಯನ್ನು ಕತ್ತರಿಸಬಯಸುವ ಶತ್ರುವಿಗೆ ಅದು ಕೈಗೆ ಬೇಕಾದ ಸ್ಥಳ. ಅದನ್ನು ಹಿಡಿದು ನಿಲ್ಲುವಂತೆ ಮೂರನೆಯ ಮೋಟಾರ್ ಬ್ರಿಗೇಡಿಗೆ ಆಜ್ಞೆಯಾಯಿತು.

ಬ್ರಿಗೇಡಿಯರ್ ವಾನ್ ಅವರ ಅಧೀನದಲ್ಲಿ ಎರಡನೆಯ ಲ್ಯಾನ್ಸರ್ಸ್ ಮತ್ತು ಹನ್ನೊಂದನೆಯ ಕ್ಯಾವಲ್ರಿ ಮೆಕಿಲಿಯ ಸುತ್ತ ನೆಲೆಯೂರಿದವು. ಹದಿನೆಂಟನೆಯ ಕ್ಯಾವಲ್ರಿಯ ಬಹುಭಾಗ ಪೂರ್ವದಲ್ಲಿ, ಟೊಬ್ರೂಕಿನ ದಕ್ಷಿಣಕ್ಕಿದ್ದ ಎಲ್ ಆಡೆಮಿನ ಕಾವಲಿಗೆ ನಿಂತಿತ್ತು. ಬ್ರಿಟಿಷ್ ಹಾಗೂ ಆಸ್ಟ್ರೇಲಿಯನ್ ಫಿರಂಗಿದಳಗಳ ಕೆಲವು ಟ್ಯಾಂಕ್ ನಿರೋಧಕ ಫಿರಂಗಿಗಳು ಬ್ರಿಗೇಡಿನ ಜೊತೆಗೂಡಿದವು. ಮುರಿದುಹೋದ ಎರಡನೆಯ ಆರ್ಮರ್ಡ್ ಡಿವಿಜನ್ನಿನ ಕೇಂದ್ರ ಕಚೇರಿ, ಮೇಜರ್ ಜನರಲ್ ಗ್ಯಾಂಬಿಯರ್ ಪ್ಯಾರಿ ಅವರೊಡನೆ, ಆಶ್ರಯ ಅರಸಿಕೊಂಡು ಅಲ್ಲಿಗೇ ಬಂದು ಸೇರಿತು. ಏಪ್ರಿಲ್ ೬ರ ಹೊತ್ತಿಗೆ ಶತ್ರುವಿನ ತುಕಡಿಗಳು ಸುತ್ತಲೂ ಕಾಣಿಸಿಕೊಳ್ಳತೊಡಗಿದವು. ಶರಣಾಗುವಂತೆ ಒಂದಕ್ಕಿಂತ ಹೆಚ್ಚು ಬಾರಿ ದೂತರ ಮೂಲಕ ಹೇಳಿಕಳುಹಿಸಲಾಯಿತು. ಪ್ರತಿ ಬಾರಿಯೂ ಆ ಕರೆಯನ್ನು ತಿರಸ್ಕರಿಸಲಾಯಿತು.

ಏಪ್ರಿಲ್ ೮ರ ಬೆಳಗಿನ ಜಾವದಲ್ಲಿ ಮುತ್ತಿಗೆಯನ್ನು ಭೇದಿಸಿ ಹೊರಬೀಳಲು ಪ್ರಯತ್ನ ನಡೆಯಿತು. ಹುಡಿಮಣ್ಣಿನ ಮೋಡ, ಅರೆಬೆಳಕು, ಎದುರಿಗೆ ಫಿರಂಗಿಗಳು. ಮುಂದೆ ನುಗ್ಗಿದ ಕೆಲವು ತುಕಡಿಗಳು ಪಾರಾದವು. ಹಿಂದಿದ್ದ ಸಾಲು ಗುಂಡಿನ ಸುರಿಮಳೆಗೆ ಸಿಕ್ಕಿ ನಿಂತಿತು. ಗ್ಯಾಂಬಿಯರ್ ಪ್ಯಾರಿ ಹಾಗೂ ವಾನ್ ಇಬ್ಬರೂ, ಅವರೊಡನೆ ಬ್ರಿಗೇಡಿನ ಬಹುಪಾಲು ಸವಾರರೂ ಸೆರೆಯಾದರು. ಪಾರಾದವರಲ್ಲಿ ಎರಡನೆಯ ಲ್ಯಾನ್ಸರ್ಸಿನ ಮೇಜರ್ ರಾಜೇಂದ್ರಸಿಂಹಜಿ ಅವರ ಸ್ಕ್ವಾಡ್ರನ್ ಪ್ರಮುಖವಾದುದು. ಕ್ರಿಕೆಟಿನ ರಣಜಿತ್‌ಸಿಂಹಜಿ ಹುಟ್ಟಿದ ನವಾನಗರದ ಮನೆತನಕ್ಕೆ ಸೇರಿದ ಈ ಅಧಿಕಾರಿ ಮುತ್ತಿಗೆಯಿಂದ ತನ್ನ ಜನರನ್ನು ಹೊರತಂದುದು ಮಾತ್ರವಲ್ಲ, ದಾರಿಯಲ್ಲಿ ಎದುರಾದ ಶತ್ರು ಸೈನಿಕರನ್ನು ಸೆರೆಹಿಡಿದು ಜೊತೆಗೆ ಕರೆತಂದರು. ಆ ಸಾಹಸಕ್ಕಾಗಿ ಅವರಿಗೆ ಡಿ.ಎಸ್.ಓ. ಪದಕ ದೊರೆಯಿತು. ಆ ಯುದ್ಧದಲ್ಲಿ ಅದನ್ನು ಪಡೆದ ಮೊದಲ ಭಾರತೀಯರೆಂದು ಅವರು ಹೆಸರಾದರು.

ಈ ಸೋಲಿನಿಂದ ಬಂದ ಲಾಭವೇನು? ಮೆಕಿಲಿಯ ಸುತ್ತ ಜರ್ಮನ್ ಮತ್ತು ಇಟಾಲಿಯನ್ ತುಕಡಿಗಳು ಸೇರಿಕೊಂಡು ನಿಂತ ಆ ಎರಡು ಮೂರು ದಿನಗಳಲ್ಲಿ ಆಸ್ಟ್ರೇಲಿಯನ್ ಡಿವಿಜನ್ ಕರಾವಳಿಯ ರಸ್ತೆಯಿಂದ ಟೊಬ್ರೂಕಿಗೆ ಸೇರಿ ಅದರ ಕೋಟೆಸಾಲನ್ನು ಭದ್ರಪಡಿಸಿತು. ಏಪ್ರಿಲ್ ೧೩ ಮತ್ತು ೧೪ರಂದು ರೊಮ್ಮೆಲ್ ಟೊಬ್ರೂಕಿನ ಮೇಲೆ ಎರಗಿದಾಗ ಅಲ್ಲಿ ಕಾದಿದ್ದುದು ಓಡಿಬಂದ ಗುಂಪಲ್ಲ, ಸಜ್ಜಾಗಿ ನಿಂತ ಕಾವಲು. ಆ ದಾಳಿ ಮುರಿಯಿತು. ಟೊಬ್ರೂಕ್ ಎಂಟು ತಿಂಗಳ ಮುತ್ತಿಗೆಯನ್ನು ತಾಳಿ ನಿಂತಿತು. ಇದಕ್ಕೆಲ್ಲ ಮೆಕಿಲಿಯೊಂದೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಜರ್ಮನ್ ತುಕಡಿಯೊಂದು ಮೆಕಿಲಿಯನ್ನು ಬಳಸಿ ಸಾಗಿ ಏಪ್ರಿಲ್ ೭ರಂದೇ ಕರಾವಳಿಯ ಡೆರ್ನಾದ ವಿಮಾನನಿಲ್ದಾಣವನ್ನು ತಲಪಿತ್ತು. ದಾರಿ ತಪ್ಪಿದ, ಪೆಟ್ರೋಲ್ ಮುಗಿದ ಜರ್ಮನ್ ವಾಹನಗಳೂ ತಡವಾಗಲು ಕಾರಣವಾದವು. ಆದರೂ ಶತ್ರುವಿನ ಬಲದ ಮುಖ್ಯಭಾಗವನ್ನು, ಟ್ಯಾಂಕುಗಳಿಲ್ಲದ ಎರಡು ರೆಜಿಮೆಂಟುಗಳು ಅತ್ಯಮೂಲ್ಯವಾದ ದಿನಗಳಲ್ಲಿ ತಮ್ಮ ಸುತ್ತ ಕಟ್ಟಿಹಾಕಿದವೆಂಬುದು ನಿರ್ವಿವಾದ.

ಹದಿನೆಂಟನೆಯ ಕ್ಯಾವಲ್ರಿಗೆ ಇನ್ನೊಂದು ಪಾತ್ರ ಬಂದಿತು. ಅದು ಟೊಬ್ರೂಕಿನೊಳಕ್ಕೆ ಸರಿದು, ಟ್ರಕ್ಕುಗಳನ್ನೂ ಬಿಟ್ಟು, ಕಾಲಾಳುಗಳಂತೆ ಕಂದಕಗಳಲ್ಲಿ ನಿಂತು ಮುತ್ತಿಗೆಯ ತಿಂಗಳುಗಳನ್ನು ಕಳೆಯಿತು. ರಾತ್ರಿಯ ಹೊತ್ತು ಸದ್ದಿಲ್ಲದೆ ಶತ್ರುವಿನ ಸಾಲುಗಳೊಳಕ್ಕೆ ಹೋಗಿ ಬರುವ ಗಸ್ತಿನಲ್ಲಿ ಅದರ ಸವಾರರು ಆಸ್ಟ್ರೇಲಿಯನ್ನರ ಮೆಚ್ಚುಗೆಗೂ ಪಾತ್ರರಾದರು. ಕುದುರೆಯಿಂದ ಟ್ರಕ್ಕಿಗೆ, ಟ್ರಕ್ಕಿನಿಂದ ಬರಿಗಾಲಿಗೆ, ಒಂದೆರಡು ವರ್ಷಗಳಲ್ಲಿ ಆ ರೆಜಿಮೆಂಟಿನ ಯಾತ್ರೆ ಹೀಗೆ ಸಾಗಿತು.

೪

ಮೆಕಿಲಿಯ ಸೆರೆಯಾಳುಗಳ ಕಥೆ ಇನ್ನೊಂದು ಕವಲನ್ನು ಹಿಡಿಯಿತು. ಬ್ರಿಗೇಡು ಸೋತ ಅದೇ ಏಪ್ರಿಲ್ ತಿಂಗಳ ಆದಿಯಲ್ಲಿ, ಕಲಕತ್ತೆಯ ಗೃಹಬಂಧನದಿಂದ ತಪ್ಪಿಸಿಕೊಂಡು ಕಾಬೂಲು ಮಾಸ್ಕೋಗಳ ಮೂಲಕ ಪಯಣಿಸಿದ ಸುಭಾಷಚಂದ್ರ ಬೋಸರು ಬರ್ಲಿನ್ನನ್ನು ಸೇರಿದ್ದರು. ಜರ್ಮನಿಯ ನೆರವಿನಿಂದ ಭಾರತೀಯರ ಸೈನ್ಯವೊಂದನ್ನು ಕಟ್ಟುವ ಅವರ ಯೋಜನೆಗೆ ಸೈನಿಕರು ಬೇಕಾಗಿದ್ದರು. ಮೆಕಿಲಿಯಲ್ಲಿ ಸಿಕ್ಕ ಸೆರೆಯಾಳುಗಳಿಂದ ಇಪ್ಪತ್ತೇಳು ಮಂದಿಯನ್ನು ಆರಿಸಿ ಮೇ ತಿಂಗಳಿನಲ್ಲಿ ವಿಮಾನದಲ್ಲಿ ಬರ್ಲಿನ್ನಿಗೆ ಒಯ್ಯಲಾಯಿತು. ಮುಂದೆ ಸುಮಾರು ಮೂರು ಸಾವಿರದ ಸಂಖ್ಯೆಗೆ ಬೆಳೆದ ಆಜಾದ್ ಹಿಂದ್ ಲೀಜನ್ನಿನ ಬೀಜ ಬಿದ್ದುದು ಹೀಗೆ.

ಹಲವರು ಆ ಕರೆಗೆ ಓಗೊಟ್ಟರು; ಅನೇಕರು ಒಪ್ಪಲಿಲ್ಲ. ಉಪ್ಪಿನ ಋಣವೆಂಬ ಸೈನಿಕಧರ್ಮ ಒಂದು ಕಡೆ, ನಾಡಿನ ಬಿಡುಗಡೆಯೆಂಬ ಧರ್ಮ ಇನ್ನೊಂದು ಕಡೆ ಎಳೆಯುತ್ತಿದ್ದಾಗ, ಮುಳ್ಳುತಂತಿಯ ಒಳಗೆ ಹಸಿದು ಕುಳಿತವನ ಆಯ್ಕೆಯನ್ನು ಹೊರಗಿನವರು ತೂಗಿ ನೋಡುವುದು ಸುಲಭವಲ್ಲ. ಆ ಸೈನ್ಯವನ್ನು ಜರ್ಮನಿಯ ನಾಜಿ ಆಡಳಿತ ತನ್ನ ಪ್ರಯೋಜನಕ್ಕೆಂದೇ ಪೋಷಿಸಿತೆಂಬುದನ್ನೂ ಮರೆಯಲಾಗದು. ಹೋದವನನ್ನು ದ್ರೋಹಿಯೆಂದಾಗಲಿ ಉಳಿದವನನ್ನು ಗುಲಾಮನೆಂದಾಗಲಿ ಕರೆಯುವವರು ಈ ತೊಡಕಿನ ಒಂದು ಎಳೆಯನ್ನು ಮಾತ್ರ ಕಂಡವರು. ಒಂದೇ ಕೋಟೆಯನ್ನು ಒಂದೇ ಬೆಳಗಿನಲ್ಲಿ ಕಾದ ಜನರು ಇಬ್ಬಗೆಯ ನಿಷ್ಠೆಗಳಿಗೆ ಹಂಚಿಹೋದರೆಂಬುದಷ್ಟೇ ಇತಿಹಾಸ ಖಚಿತವಾಗಿ ಹೇಳಬಲ್ಲ ಮಾತು.

೫

ಉಳಿದವರನ್ನೂ ಹೊಸಬರನ್ನೂ ಕೂಡಿಸಿ ಬ್ರಿಗೇಡನ್ನು ಮತ್ತೆ ಕಟ್ಟಲಾಯಿತು. ಬ್ರಿಗೇಡಿಯರ್ ಫಿಲೋಸ್ ಅದರ ಅಧಿಪತಿಯಾದರು. ಈ ಬಾರಿ ಅದಕ್ಕೆ ಎರಡನೆಯ ಭಾರತೀಯ ಫೀಲ್ಡ್ ರೆಜಿಮೆಂಟಿನ ಫಿರಂಗಿಗಳು ದೊರೆತವು. ಎರಡು ಪೌಂಡಿನ ಗುಂಡೆಸೆಯುವ ಟ್ಯಾಂಕ್ ನಿರೋಧಕ ಫಿರಂಗಿಗಳೂ ಬಂದವು. ಟ್ಯಾಂಕುಗಳು ಈಗಲೂ ಬರಲಿಲ್ಲ.

೧೯೪೨ರ ವಸಂತದಲ್ಲಿ ಎಂಟನೆಯ ಸೈನ್ಯ ಕರಾವಳಿಯ ಗಜಾಲದಿಂದ ಮರಳುಗಾಡಿನ ಬೀರ್ ಹಕೀಮಿನವರೆಗೆ ಸ್ಫೋಟಕಗಳನ್ನು ಹುಗಿದ ಪಟ್ಟಿಯನ್ನೂ, ಅಲ್ಲಲ್ಲಿ ‘ಪೆಟ್ಟಿಗೆ’ಗಳೆಂದು ಕರೆಯಲಾದ ಬಲವಾದ ಠಾಣ್ಯಗಳನ್ನೂ ಏರ್ಪಡಿಸಿಕೊಂಡು ಕಾದಿತ್ತು. ಸಾಲಿನ ತೆಂಕಣ ತುದಿಯಾದ ಬೀರ್ ಹಕೀಮನ್ನು ಜನರಲ್ ಕೊನಿಗ್ ಅವರ ಸ್ವತಂತ್ರ ಫ್ರೆಂಚ್ ಬ್ರಿಗೇಡು ಕಾಯುತ್ತಿತ್ತು. ಅದರ ಆಗ್ನೇಯಕ್ಕೆ ಸುಮಾರು ನಾಲ್ಕು ಮೈಲಿ ದೂರದಲ್ಲಿ, ಸಾಲಿನ ತುದಿಯನ್ನು ಬಳಸಿ ಬರುವ ಶತ್ರುವಿಗೆ ಅಡ್ಡವಾಗಿ, ಪಾಯಿಂಟ್ ೧೭೧ ಎಂಬಲ್ಲಿ ಮೂರನೆಯ ಮೋಟಾರ್ ಬ್ರಿಗೇಡನ್ನು ನಿಲ್ಲಿಸಲಾಯಿತು. ಅದು ಅಲ್ಲಿಗೆ ಬಂದು ಎರಡು ದಿನಗಳೂ ಪೂರ್ತಿಯಾಗಿ ಕಳೆದಿರಲಿಲ್ಲ. ಠಾಣ್ಯವನ್ನು ಭದ್ರಪಡಿಸುವ ಕೆಲಸ ಇನ್ನೂ ನಡೆಯುತ್ತಿತ್ತು.

ಮೇ ೨೬ರ ರಾತ್ರಿ ರೊಮ್ಮೆಲ್ ತನ್ನ ಜರ್ಮನ್ ಡಿವಿಜನ್ನುಗಳನ್ನೂ ಇಟಲಿಯ ಆರಿಯೇಟೆ ಎಂಬ ಟ್ಯಾಂಕು ಡಿವಿಜನ್ನನ್ನೂ ಕೂಡಿಸಿಕೊಂಡು ಬೀರ್ ಹಕೀಮಿನ ದಕ್ಷಿಣವನ್ನು ಸುತ್ತಿ ಹೊರಟನು. ೨೭ರ ಮುಂಜಾನೆ, ಆರೂವರೆಯ ಸುಮಾರಿಗೆ, ದಿಗಂತದಲ್ಲಿ ಎದ್ದ ಧೂಳನ್ನು ಕಂಡು ಫಿಲೋಸ್ ಒಂದು ಇಡೀ ಜರ್ಮನ್ ಟ್ಯಾಂಕು ಡಿವಿಜನ್ ತಮ್ಮ ಮುಂದೆ ಬಂದು ನಿಂತಿದೆಯೆಂದು ಮೇಲಧಿಕಾರಿಗಳಿಗೆ ತಿಳಿಸಿದರು. ವಾಸ್ತವವಾಗಿ ಆಗ ಅವರ ಮೇಲೆ ಎರಗಿದ ಟ್ಯಾಂಕುಗಳು ಮುಖ್ಯವಾಗಿ ಆರಿಯೇಟೆ ಡಿವಿಜನ್ನಿನವು. ಆದರೆ ಟ್ರಕ್ಕಿನ ಪಕ್ಕದಲ್ಲಿ ರೈಫಲ್ ಹಿಡಿದು ನಿಂತವನಿಗೆ ಟ್ಯಾಂಕಿನ ದೇಶ ಯಾವುದಾದರೇನು? ಫೀಲ್ಡ್ ರೆಜಿಮೆಂಟಿನ ಗೋಲಂದಾಜರು ಕಣ್ಣೆದುರಿನ ಟ್ಯಾಂಕುಗಳ ಮೇಲೆ ನೇರವಾಗಿ ಗುರಿಯಿಟ್ಟು ಹೊಡೆದರು. ಆರಿಯೇ‌ಟೆಯ ಇಪ್ಪತ್ತಕ್ಕೂ ಮಿಕ್ಕ ಟ್ಯಾಂಕುಗಳು ಅಲ್ಲಿ ಕೆಟ್ಟು ನಿಂತವು. ಆದರೂ ಸಂಖ್ಯೆಯ ಮುಂದೆ ಸಾಹಸ ಬಹಳ ಹೊತ್ತು ನಿಲ್ಲಲಿಲ್ಲ. ಬೆಳಗು ಮುಗಿಯುವ ಮುನ್ನವೇ ಠಾಣ್ಯವನ್ನು ಟ್ಯಾಂಕುಗಳು ತುಳಿದು ದಾಟಿದವು. ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು ೪೪೦ ಮಂದಿ. ಸೆರೆಯಾದವರು ಸುಮಾರು ಸಾವಿರ.

ಸೆರೆಯಾದವರಲ್ಲಿ ಇಬ್ಬರನ್ನು ಇಲ್ಲಿ ಹೆಸರಿಸಬಹುದು. ಒಬ್ಬರು ಎಪ್ಪತ್ತು ವರ್ಷದ ಬ್ರಿಟಿಷ್ ನೌಕಾಪತಿ ಸರ್ ವಾಲ್ಟರ್ ಕೋವನ್. ನಿವೃತ್ತರಾಗಿದ್ದರೂ ಮನೆಯಲ್ಲಿ ಕುಳಿತಿರಲಾರದೆ ಹದಿನೆಂಟನೆಯ ಕ್ಯಾವಲ್ರಿಯೊಡನೆ ಸೇರಿಕೊಂಡಿದ್ದ ಈ ವೃದ್ಧರು ಕೊನೆಯ ಗಳಿಗೆಯಲ್ಲಿ ಕೈಯಲ್ಲಿದ್ದ ಪಿಸ್ತೂಲನ್ನು ಶತ್ರುವಿನ ಕವಚಗಾಡಿಯ ಮೇಲೆ ಖಾಲಿ ಮಾಡಿದರಂತೆ. ಇನ್ನೊಬ್ಬರು ಫೀಲ್ಡ್ ರೆಜಿಮೆಂಟಿನ ಬೆಟರಿಯೊಂದರ ಅಧಿಕಾರಿ ಪಿ. ಪಿ. ಕುಮಾರಮಂಗಲಂ, ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾಗಿದ್ದ ಡಾಕ್ಟರ್ ಸುಬ್ಬರಾಯನ್ ಅವರ ಮಗ. ಬೀರ್ ಹಕೀಮಿನ ಆ ಕಾದಾಟದಲ್ಲಿ ತೋರಿದ ಸ್ಥೈರ್ಯಕ್ಕಾಗಿ ಅವರಿಗೂ ಡಿ.ಎಸ್.ಓ. ಪದಕ ಸಂದಿತು.

ಈ ಕಾದಾಟದ ಉತ್ತರಕಾಂಡ ಯಾವ ಸೇನಾಶಾಸ್ತ್ರದಲ್ಲಿಯೂ ಕಾಣಸಿಗದಂತಹುದು. ಮುನ್ನುಗ್ಗಿದ ಶತ್ರುವಿಗೆ ತನ್ನ ಸೈನಿಕರಿಗೇ ನೀರು ಸಾಲದಾಯಿತು. ಸಾವಿರ ಸೆರೆಯಾಳುಗಳಿಗೆ ಕುಡಿಸುವುದೆಲ್ಲಿಂದ? ಅವರಲ್ಲಿ ಆರು ನೂರಕ್ಕೂ ಹೆಚ್ಚು ಮಂದಿಯನ್ನು ಮರಳುಗಾಡಿನ ನಡುವೆ ಬಿಟ್ಟುಬಿಡಲಾಯಿತು. ಅವರು ಬಾಯಾರಿ, ಬಳಲಿ, ಮೇ ತಿಂಗಳ ಕೊನೆಯಲ್ಲಿ ನಡೆದು ಬಂದು ಬೀರ್ ಹಕೀಮಿನ ಫ್ರೆಂಚರನ್ನು ಸೇರಿದರು. ಮುತ್ತಿಗೆಯಲ್ಲಿದ್ದ ಆ ಕೋಟೆಯಲ್ಲಿಯೂ ನೀರನ್ನು ಅಳೆದು ಕೊಡಲಾಗುತ್ತಿತ್ತು. ಆದರೂ ಬಂದವರಿಗೆ ಅಲ್ಲಿ ಪಾಲು ದೊರೆಯಿತು. ಬೀರ್ ಹಕೀಮ್ ಜೂನ್ ೧೦ರ ರಾತ್ರಿಯವರೆಗೆ ನಿಂತು ಫ್ರಾನ್ಸಿನ ಇತಿಹಾಸದಲ್ಲಿ ಅಮರವಾಯಿತು; ಪ್ಯಾರಿಸ್ ನಗರದ ಸೇತುವೆಯೊಂದು ಇಂದಿಗೂ ಆ ಹೆಸರನ್ನು ಹೊತ್ತಿದೆ. ಅದರಿಂದ ನಾಲ್ಕು ಮೈಲಿ ಆಚೆಗಿದ್ದ ಪಾಯಿಂಟ್ ೧೭೧ರ ಹೆಸರನ್ನು ಭಾರತದಲ್ಲಿಯೂ ಬಲ್ಲವರು ವಿರಳ.

೬

೧೯೪೩ರಲ್ಲಿ ಬ್ರಿಗೇಡಿನ ಹೆಸರೂ ರೂಪವೂ ಬದಲಾದವು. ಅದು ನಲವತ್ತಮೂರನೆಯ ಭಾರತೀಯ ಲಾರಿ ಪದಾತಿ ಬ್ರಿಗೇಡಾಯಿತು. ಮೂರು ಅಶ್ವರೆಜಿಮೆಂಟುಗಳು ಹೊರಹೋಗಿ ಗೂರ್ಖಾ ಬೆಟಾಲಿಯನ್ನುಗಳು ಒಳಬಂದವು. ಈ ಹೊಸ ರೂಪದಲ್ಲಿ ಅದು ೧೯೪೪ರ ಸೆಪ್ಟೆಂಬರಿನಲ್ಲಿ ಇಟಲಿಯ ಕೊರಿಯಾನೊ ದಿಣ್ಣೆಯ ಕಾಳಗದಲ್ಲಿ ಭಾಗವಹಿಸಿತು. ೧೯೪೫ರ ಏಪ್ರಿಲ್ ೧೬ರಂದು ಅದರ ಗೂರ್ಖರು ಬ್ರಿಟಿಷ್ ಟ್ಯಾಂಕುಗಳ ಮೇಲೇರಿ ಮೆದಿಚೀನ ಪಟ್ಟಣಕ್ಕೆ ನುಗ್ಗಿ ಅದನ್ನು ಗೆದ್ದರು. ಟ್ಯಾಂಕುಗಳಿಲ್ಲದೆ ಎರಡು ಬಾರಿ ಸೋತ ಬ್ರಿಗೇಡು ಟ್ಯಾಂಕುಗಳು ಜೊತೆಗಿದ್ದಾಗ ಏನನ್ನು ಸಾಧಿಸಬಲ್ಲದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಿಲ್ಲ. ಹೊರಹೋದ ಹನ್ನೊಂದನೆಯ ಕ್ಯಾವಲ್ರಿಗೂ ಕೊನೆಗೆ ಕವಚಗಾಡಿಗಳು ದೊರೆತು, ೧೯೪೫ರಲ್ಲಿ ಅದು ಬರ್ಮಾದ ರಣರಂಗದಲ್ಲಿ ಕಾದಾಡಿತು. ಅವರ ಮೂಲ ಡಿವಿಜನ್, ಯುದ್ಧದ ನಡುವೆ ಮೂವತ್ತೊಂದನೆಯದೆಂದು ಹೆಸರು ಬದಲಾಯಿಸಿಕೊಂಡಿದ್ದುದು, ೧೯೪೫ರಲ್ಲಿ ಮತ್ತೆ ಮೊದಲನೆಯ ಆರ್ಮರ್ಡ್ ಡಿವಿಜನ್ ಎನಿಸಿಕೊಂಡಿತು.

ಆ ಡಿವಿಜನ್ನಿನ ಮುಂದಿನ ಯಾತ್ರೆ ಕನ್ನಡ ನಾಡಿನ ಇತಿಹಾಸದೊಳಕ್ಕೂ ಬರುತ್ತದೆ. ೧೯೪೮ರ ಸೆಪ್ಟೆಂಬರ್ ೧೩ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ನೇತೃತ್ವದಲ್ಲಿ ಅದರ ಟ್ಯಾಂಕುಗಳು ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾಗಳನ್ನು ದಾಟಿ, ಬೀದರ್ ಜಿಲ್ಲೆಯ ರಾಜೇಶ್ವರ, ಹುಮನಾಬಾದುಗಳ ದಾರಿಯಾಗಿ ಹೈದರಾಬಾದಿನತ್ತ ಸಾಗಿದವು. ೧೭ರಂದು ನಿಜಾಮರ ಪ್ರತಿರೋಧ ಕೊನೆಗೊಂಡಿತು; ಬೀದರ್, ಕಲಬುರಗಿ, ರಾಯಚೂರುಗಳ ಕನ್ನಡಿಗರು ಭಾರತ ಒಕ್ಕೂಟವನ್ನು ಸೇರಿದರು. ಈ ಕಾರ್ಯಾಚರಣೆ ನಡೆದುದು ದಕ್ಷಿಣ ಸೈನ್ಯವಿಭಾಗದ ಮುಖ್ಯಾಧಿಪತಿಯ ಮೇಲ್ವಿಚಾರಣೆಯಲ್ಲಿ. ಆ ಅಧಿಪತಿಯೇ ಮೆಕಿಲಿಯ ಮುತ್ತಿಗೆಯನ್ನು ಮುರಿದು ಹೊರಬಂದ ರಾಜೇಂದ್ರಸಿಂಹಜಿ. ೧೯೫೩ರ ಜನವರಿಯಲ್ಲಿ ಕೊಡಗಿನ ಜನರಲ್ ಕಾರಿಯಪ್ಪನವರು ನಿವೃತ್ತರಾದಾಗ ಭಾರತದ ಮಹಾಸೇನಾಪತಿಯ ಸ್ಥಾನವನ್ನು ಅವರ ಕೈಯಿಂದ ಪಡೆದವರೂ ಇವರೇ.

೭

ಅಷ್ಟರಲ್ಲಿ, ೧೯೪೭ರಲ್ಲಿ, ದೇಶದೊಡನೆ ಸೈನ್ಯವೂ ಇಬ್ಭಾಗವಾಗಿತ್ತು. ಎರಡನೆಯ ಲ್ಯಾನ್ಸರ್ಸ್ ಮತ್ತು ಹದಿನೆಂಟನೆಯ ಕ್ಯಾವಲ್ರಿ ಭಾರತದ ಪಾಲಿಗೆ ಬಂದವು. ಹನ್ನೊಂದನೆಯ ಕ್ಯಾವಲ್ರಿ ಪಾಕಿಸ್ತಾನಕ್ಕೆ ಹೋಯಿತು. ರೆಜಿಮೆಂಟಿನೊಳಗಣ ಸ್ಕ್ವಾಡ್ರನ್ನುಗಳನ್ನೂ ಮತದ ಆಧಾರದ ಮೇಲೆ ಬಿಡಿಸಿ ಅತ್ತಿತ್ತ ಕಳುಹಿಸಲಾಯಿತು. ಟ್ರಕ್ಕುಗಳನ್ನೂ ಬಂದೂಕುಗಳನ್ನೂ ಎಣಿಸಿ ಹಂಚುವುದು ಸಾಧ್ಯವಾಯಿತು. ಮೆಕಿಲಿಯನ್ನೂ ಪಾಯಿಂಟ್ ೧೭೧ನ್ನೂ ಹಂಚುವುದು ಹೇಗೆ?

ಇಟಲಿಯ ಸೆರೆಶಿಬಿರವೊಂದರಲ್ಲಿ ಕುಮಾರಮಂಗಲಂ ಅವರ ಜೊತೆಗಿದ್ದವರಲ್ಲಿ ಯಾಹ್ಯಾ ಖಾನ್ ಎಂಬ ಅಧಿಕಾರಿಯೂ, ಹದಿನೆಂಟನೆಯ ಕ್ಯಾವಲ್ರಿಯ ಸಾಹಬ್‌ಜಾದಾ ಯಾಕೂಬ್ ಖಾನರೂ ಇದ್ದರು. ೧೯೬೬ರಲ್ಲಿ ಕುಮಾರಮಂಗಲಂ ಭಾರತದ ಭೂಸೈನ್ಯದ ಮುಖ್ಯಸ್ಥರಾದರು. ಅದೇ ವರ್ಷ ಯಾಹ್ಯಾ ಖಾನರು ಪಾಕಿಸ್ತಾನದ ಸೈನ್ಯದ ಮುಖ್ಯಸ್ಥರಾದರು. ೧೯೭೧ರ ಮಾರ್ಚ್‌ನಲ್ಲಿ ಪೂರ್ವ ಬಂಗಾಳದ ಜನರ ಮೇಲೆ ಸೈನ್ಯವನ್ನು ಪ್ರಯೋಗಿಸಲು ಯಾಹ್ಯಾ ಸರಕಾರ ನಿರ್ಧರಿಸಿದಾಗ, ಅದಕ್ಕೆ ಒಪ್ಪದೆ ಢಾಕಾದ ಸೇನಾಧಿಪತ್ಯವನ್ನು ತ್ಯಜಿಸಿದವರು ಯಾಕೂಬ್ ಖಾನರು.

ಇದಕ್ಕೂ ಮೊದಲು, ೧೯೬೫ರ ಯುದ್ಧದಲ್ಲಿ, ವಿಧಿಯ ಇನ್ನೊಂದು ವಿಪರ್ಯಾಸ ನಡೆದುಹೋಗಿತ್ತು. ಭಾರತದ ಮೊದಲನೆಯ ಆರ್ಮರ್ಡ್ ಡಿವಿಜನ್ ಸಿಯಾಲಕೋಟ್ ರಂಗಕ್ಕೆ ಇಳಿದು ಸೆಪ್ಟೆಂಬರ್ ೧೧ರಂದು ಫಿಲ್ಲೋರಾವನ್ನು ಗೆದ್ದಿತು. ಆ ಊರನ್ನು ವಶಪಡಿಸಿಕೊಂಡ ಪದಾತಿಗಳು ನಲವತ್ತಮೂರನೆಯ ಲಾರಿ ಬ್ರಿಗೇಡಿನವರು; ಅಂದರೆ ಮೂರನೆಯ ಮೋಟಾರ್ ಬ್ರಿಗೇಡು ೧೯೪೩ರಲ್ಲಿ ತಾಳಿದ ಅದೇ ಅಂಕೆಯನ್ನು ಹೊತ್ತ ಬ್ರಿಗೇಡಿನವರು. ಎದುರು ಪಕ್ಷದಲ್ಲಿ ನಿಂತು ಕಾದಾಡಿದ ಪಾಕಿಸ್ತಾನದ ಟ್ಯಾಂಕು ರೆಜಿಮೆಂಟುಗಳಲ್ಲಿ ಹನ್ನೊಂದನೆಯ ಕ್ಯಾವಲ್ರಿಯೂ ಒಂದು. ಈಗ ಇಬ್ಬರ ಬಳಿಯೂ ಟ್ಯಾಂಕುಗಳಿದ್ದವು. ಮರಳುಗಾಡಿನಲ್ಲಿ ಒಂದೇ ಠಾಣ್ಯವನ್ನು ಕಾಯುವಾಗ ದೊರೆಯದೆ ಹೋದ ಕವಚ, ಪರಸ್ಪರರನ್ನು ಕೊಲ್ಲುವ ಹೊತ್ತಿಗೆ ಧಾರಾಳವಾಗಿ ಒದಗಿತ್ತು.

೮

ಈಗ ಮೊದಲಿನ ಪ್ರಶ್ನೆಗಳಿಗೆ ಬರಬಹುದು. ಬ್ರಿಗೇಡಿಗೆ ಕೊಟ್ಟಿದ್ದೇನು? ಟ್ರಕ್ಕು ಮತ್ತು ರೈಫಲು. ಅದರಿಂದ ನಿರೀಕ್ಷಿಸಿದ್ದೇನು? ಎರಡು ಬಾರಿಯೂ, ಟ್ಯಾಂಕುಗಳ ಪ್ರವಾಹಕ್ಕೆ ಅಡ್ಡಲಾಗಿ ನಿಲ್ಲಬೇಕೆಂದು. ಅದು ಗಳಿಸಿಕೊಟ್ಟಿದ್ದೇನು? ಮೆಕಿಲಿಯಲ್ಲಿ ಕೆಲವು ದಿನಗಳು, ಪಾಯಿಂಟ್ ೧೭೧ರಲ್ಲಿ ಒಂದು ಬೆಳಗು. ಮೆಕಿಲಿಯ ದಿನಗಳನ್ನು ಟೊಬ್ರೂಕ್ ಸಾರ್ಥಕವಾಗಿ ಬಳಸಿಕೊಂಡಿತು. ಪಾಯಿಂಟ್ ೧೭೧ರ ಬೆಳಗನ್ನು ಎಂಟನೆಯ ಸೈನ್ಯದ ಮೇಲಧಿಕಾರಿಗಳು ಹಾಗೆ ಬಳಸಿಕೊಳ್ಳಲಾರದೆ ಹೋದರು. ದಕ್ಷಿಣದಿಂದ ಬಂದ ದಾಳಿಯ ಗಾತ್ರವನ್ನು ಅವರು ಅರಿಯುವ ವೇಳೆಗೆ ತಡವಾಗಿತ್ತು. ಜೂನ್ ೨೧ರಂದು ಟೊಬ್ರೂಕೂ ಬಿದ್ದಿತು. ಹೀಗಿರುವಾಗ ಆ ಎರಡು ಸೋಲುಗಳನ್ನು ಸವಾರನ ಖಾತೆಗೆ ಬರೆಯುವುದು ನ್ಯಾಯವಲ್ಲ. ಸಾಧನಗಳನ್ನು ಒದಗಿಸದೆ ಹೆಸರನ್ನು ಮಾತ್ರ ಕೊಟ್ಟವರ ಖಾತೆಗೆ, ಒಂದು ದೇಶದ ಜನರನ್ನು ಕೇಳದೆಯೇ ಅವರ ಮಕ್ಕಳನ್ನು ರಣಕ್ಕೆ ಒಯ್ದವರ ಖಾತೆಗೆ, ಅವು ಸಲ್ಲಬೇಕಾದುವು.

ಈಜಿಪ್ಟಿನ ಎಲ್ ಅಲಮೇನಿನಲ್ಲಿ, ಮರಳುಗಾಡಿನ ಯುದ್ಧದಲ್ಲಿ ಮಡಿದು ಸಮಾಧಿಯೂ ಗೊತ್ತಾಗದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ ಸ್ಮಾರಕವೊಂದಿದೆ. ಅದರ ಬಳಿಯೇ, ತಮ್ಮ ಧರ್ಮದ ವಿಧಿಯಂತೆ ಅಗ್ನಿಗೆ ಸಂದ ಆರು ನೂರಕ್ಕೂ ಹೆಚ್ಚು ಸೈನಿಕರ ಸ್ಮಾರಕವೂ ಉಂಟು. ೧೯೪೭ಕ್ಕೆ ಮೊದಲೇ ತೀರಿಕೊಂಡ ಈ ಜನರಿಗೆ ಭಾರತವೆಂದಾಗಲಿ ಪಾಕಿಸ್ತಾನವೆಂದಾಗಲಿ ಬೇರೆ ಬೇರೆ ಗೋಡೆಗಳನ್ನು ಎತ್ತಿಲ್ಲ. ಎರಡು ದೇಶಗಳ ವಿದ್ವಾಂಸರೂ ತಮ್ಮ ತಮ್ಮ ರೆಜಿಮೆಂಟುಗಳ ಚರಿತ್ರೆಯನ್ನು ಬರೆಯುವಾಗ ಆ ಹೆಸರುಗಳನ್ನು ಒಟ್ಟಿಗೆ ಓದಿದರೆ ಮೂರನೆಯ ಮೋಟಾರ್ ಬ್ರಿಗೇಡಿನ ಇತಿಹಾಸ ಪೂರ್ಣವಾದೀತು.